ಚೈನ್ ಮಾಡಿದ ತಪ್ಪೇನು?

‘ಓವರ್‌ಹೆಡ್ ಕ್ಯಾಮ್ ಎಂಜಿನ್‌ಗೆ ಟೈಮಿಂಗ್ ಚೈನ್ ಒಳ್ಳೆಯದೋ, ಗೇರ್ ಒಳ್ಳೆಯದೋ?’ ಕಾಲೇಜಿನ ಅಣಕು ಸಂದರ್ಶನದಲ್ಲಿ ಈ ಪ್ರಶ್ನೆ ಬಂದಾಗ ಹಿಂದೆಮುಂದೆ ನೋಡದೆ ‘ಗೇರ್’ ಎಂದೆ. ‘ಹಾಗಾದರೆ ನಿನ್ನ ಬೈಕಿನಲ್ಲಿ ಚೈನ್ ಯಾಕಿದೆ?’ ಎಂದು ಮೇಷ್ಟ್ರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ತರ್ಕ ಸರಳವಾಗಿತ್ತು. ಕ್ರ್ಯಾಂಕ್ ಎರಡು ಸುತ್ತು ಹಾಕುವಾಗ ಕ್ಯಾಮ್ ಒಂದು ಸುತ್ತು ಹಾಕಬೇಕು. ಲೆಕ್ಕ ತಪ್ಪಿದರೆ ವಾಲ್ವ್ ತೆರೆಯುವ, ಮುಚ್ಚುವ ಹೊತ್ತೂ ತಪ್ಪುತ್ತದೆ. ಗೇರ್ ಹಿಗ್ಗುವುದಿಲ್ಲ. ಚೈನ್‌ನಲ್ಲಿ ಪಿನ್, ಬುಷ್ ಸವೆದಂತೆ ಉದ್ದ ಹೆಚ್ಚುತ್ತದೆ. ಹೋಂಡಾ ಕಂಪನಿ 1986ರ ವಿಎಫ್‌ಆರ್750ಎಫ್ ಬೈಕಿಗೆ ಗೇರ್ ಅಳವಡಿಸಿತ್ತು. ಇನ್ನೇನು ಬೇಕು?

ಆಮೇಲೆ ಓದಿದಾಗ ಗೊತ್ತಾಯಿತು, ಅದೇ ಹೋಂಡಾ 2002ರ ವಿಎಫ್‌ಆರ್800 ವಿಟೆಕ್‌ಗೆ ಚೈನ್ ಹಾಕಿತು! ಕ್ರ್ಯಾಂಕ್ ಕೆಳಗೆ, ಕ್ಯಾಮ್ ಮೇಲೆ. ಆ ದೂರ ದಾಟಲು ನಡುವೆ ಇನ್ನಷ್ಟು ಗೇರ್‌ಗಳು, ಅವಕ್ಕೆ ಶಾಫ್ಟ್, ಬೇರಿಂಗ್ ಬೇಕು. ತೂಕ, ಖರ್ಚು ಏರುತ್ತವೆ. ಹಲ್ಲುಗಳ ನಡುವಿನ ಸಡಿಲದಿಂದ ಸದ್ದು ಬೇರೆ. ಚೈನ್‌ಗಾದರೆ ಎರಡು ಸ್ಪ್ರಾಕೆಟ್, ಗೈಡ್, ಒಂದು ಟೆನ್ಷನರ್ ಸಾಕು. ನಮ್ಮ ಹಳೆಯ ಬುಲೆಟ್‌ನಲ್ಲಿ ಕ್ಯಾಮ್ ಕ್ರ್ಯಾಂಕ್‌ನ ಪಕ್ಕದಲ್ಲೇ ಇದ್ದುದರಿಂದ ಗೇರ್ ಸರಿಹೋಗಿತ್ತು. 2020ರ ಮೀಟಿಯೋರ್ 350ರಲ್ಲಿ ಕ್ಯಾಮ್ ಮೇಲೇರಿತು, ಚೈನ್ ಬಂತು.

‘ಆದರೂ ಚೈನ್ ಕೈಕೊಡುತ್ತದಲ್ಲ’ ಎಂದು ನೀವು ಕೇಳಬಹುದು. ನನ್ನ ಬೈಕೂ ಕೈಕೊಟ್ಟಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ ಸದ್ದು. ಮೆಕ್ಯಾನಿಕ್ ಅಣ್ಣ ಕಿವಿಗೊಟ್ಟು ಕೇಳಿ, ‘ಆಯಿಲ್ ಬದಲಿಸಿ ಎಷ್ಟು ದಿನ ಆಯ್ತು?’ ಎಂದರು. ನನಗೆ ನೆನಪೇ ಇರಲಿಲ್ಲ. ಕೊಳೆಯಾದ ಆಯಿಲ್‌ನಲ್ಲಿ ಓಡಿದ ಚೈನ್ ಬೇಗ ಸವೆದಿತ್ತು. ಚೈನ್, ಟೆನ್ಷನರ್ ಎರಡನ್ನೂ ಬದಲಿಸಬೇಕಾಯಿತು. ಆ ಖರ್ಚಿನಲ್ಲಿ ಎಷ್ಟೋ ಸಲ ಆಯಿಲ್ ಹಾಕಿಸಬಹುದಿತ್ತು. ತಪ್ಪು ಚೈನ್‌ನದಲ್ಲ, ನನ್ನದು.

ನನ್ನ ಅಭಿಪ್ರಾಯ ಇಷ್ಟೇ: ರೇಸ್ ಬೈಕಿಗೆ ಗೇರ್ ಇರಲಿ, ದಿನಾ ಕಾಲೇಜಿಗೆ, ಕೆಲಸಕ್ಕೆ ಓಡುವ ಬೈಕಿಗೆ ಚೈನೇ ಸರಿ. ಪರೀಕ್ಷೆಗೆಂದು ನಾವು ‘ಅನುಕೂಲ, ಅನಾನುಕೂಲ’ ಅಂತ ಎರಡು ಕಾಲಂ ಬರೆದು ಬಾಯಿಪಾಠ ಮಾಡುತ್ತೇವೆ. ಯಾವ ಎಂಜಿನ್, ಎಷ್ಟು ಬೆಲೆ, ಓಡಿಸುವವರು ಯಾರು, ರಿಪೇರಿ ಮಾಡುವವರು ಯಾರು ಎಂಬುದಕ್ಕೆ ಅಲ್ಲಿ ಕಾಲಂ ಇರುವುದಿಲ್ಲ. ಎಂಜಿನಿಯರ್ ಯೋಚಿಸಬೇಕಾದದ್ದು ಅದನ್ನೇ ಅಲ್ಲವೇ?

ಮುಂದಿನ ಸಂದರ್ಶನದಲ್ಲಿ ಯಾರಾದರೂ ‘ಯಾವುದು ಒಳ್ಳೆಯದು?’ ಎಂದರೆ ‘ಯಾರಿಗೆ ಸಾರ್?’ ಎಂದು ಮೊದಲು ಕೇಳುತ್ತೇನೆ. ಅದಕ್ಕೂ ಮೊದಲು ಬೈಕಿನ ಆಯಿಲ್ ನೋಡಬೇಕು.