ದುಭಾಷಿಯಿಲ್ಲದ ಯಂತ್ರ

೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಸಂಸ್ಥೆಯವರು ತಮ್ಮ ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿದರಷ್ಟೆ. ಅದರ ಮುಂದಿನದಾದ ವಿಂಡೋಸ್ ೧೧ ಎಲ್ಲ ಗಣಕಗಳನ್ನೂ ಅಂಗೀಕರಿಸುವುದಿಲ್ಲ. ಟಿಪಿಎಂ ೨.೦ ಎಂಬ ರಕ್ಷಣಾಂಗವೂ ಅವರ ಪಟ್ಟಿಯಲ್ಲಿ ಸೇರಿದ ಪ್ರೊಸೆಸರೂ ಇದ್ದರೆ ಮಾತ್ರ ಒಳಕ್ಕೆ ಪ್ರವೇಶ. ಆದಕಾರಣ ಎಂಟು ಹತ್ತು ವರ್ಷಗಳ ಹಿಂದೆ ಕೊಂಡ, ಒಂದು ಕೀಲೂ ಕೆಡದ, ಮಕ್ಕಳ ಓದಿಗೂ ಮನೆಯ ಲೆಕ್ಕಕ್ಕೂ ಧಾರಾಳವಾಗಿ ಸಾಲುವ ಎಷ್ಟೋ ಗಣಕಗಳು ಒಮ್ಮೆಗೇ ಮುದಿಯೆತ್ತುಗಳ ಅವಸ್ಥೆಗೆ ಬಂದಿವೆ. ಮಾರಹೋದರೆ ಗುಜರಿಯವನು ಕೊಡುವುದು ತೂಕದ ಬೆಲೆ. ಹೊಸದನ್ನು ತರೋಣವೆಂದರೆ ಕೈ ನಡುಗುತ್ತದೆ. ಇಂಥ ಗೃಹಸ್ಥರಿಗೆ ಬಲ್ಲವರು ಹೇಳುವ ಉಪಾಯವೇ ಲಿನಕ್ಸ್.

ಉಪಾಯವೇನೋ ಒಳ್ಳೆಯದೇ. ೧೯೯೧ರಲ್ಲಿ ಹೆಲ್ಸಿಂಕಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ತರುಣನು ಆರಂಭಿಸಿ, ಆಮೇಲೆ ಲೋಕದ ನಾನಾ ಕಡೆಯವರು ಕೈಗೂಡಿಸಿ ಬೆಳೆಸಿದ ವಸ್ತು ಅದು. ಹಣ ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲಿಯೂ ಹಗುರವಾಗಿ ನಡೆಯುತ್ತದೆ. ನಾವೂ ಮನೆಯಲ್ಲಿ ಅದನ್ನೇ ಬಳಸುತ್ತೇವೆ, ಬಳಸಿರೆಂದು ಇತರರಿಗೂ ಹೇಳುತ್ತೇವೆ. ಆದರೆ ಅದನ್ನು ಹೊಗಳುವವರು ಸಂಬಂಧ ಕುದುರಿಸುವ ಮಧ್ಯಸ್ಥರಂತೆ ಒಂದು ಸಂಗತಿಯನ್ನು ಮಾತ್ರ ಬಾಯಿಗೆ ತಾರರು. ಅದು ಡ್ರೈವರುಗಳ ಸಂಗತಿ.

ಡ್ರೈವರ್ ಎಂದರೆ ಸಾರಥಿಯೆಂದು ಕೋಶದ ಅರ್ಥ. ನಮ್ಮ ಮಟ್ಟಿಗೆ ದುಭಾಷಿ ಎಂಬುದೇ ಅದಕ್ಕೆ ಹೆಚ್ಚು ಸಲ್ಲತಕ್ಕ ಹೆಸರು. ತೆರೆಗೆ ಚಿತ್ರವನ್ನು ಕಳುಹಿಸುವ ಅಂಗ, ಧ್ವನಿಯನ್ನು ಹೊರಡಿಸುವ ಅಂಗ, ವೈ-ಫೈಯನ್ನು ಹಿಡಿಯುವ ಅಂಗ, ಹೀಗೆ ಗಣಕದ ಒಂದೊಂದಕ್ಕೂ ತನ್ನದೇ ಒಂದು ಸಂಕೇತಭಾಷೆಯುಂಟು. ಇಂಥ ಮನೆಯಲ್ಲಿ ಇಂಥ ಸಂಖ್ಯೆಯನ್ನು ಬರೆದರೆ ಇಂಥ ಕೆಲಸ ಎಂಬ ಕಟ್ಟಳೆಯೇ ಆ ಭಾಷೆ. ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೆ ಅದು ತಾನಾಗಿ ತಿಳಿಯದು. ನಡುವೆ ನಿಂತು ಇದರ ಮಾತನ್ನು ಅದಕ್ಕೂ ಅದರ ಮಾತನ್ನು ಇದಕ್ಕೂ ಮುಟ್ಟಿಸುವವನೇ ಡ್ರೈವರ್. ಇಂಥ ದುಭಾಷಿಗಳನ್ನು ಸಾವಿರಗಟ್ಟಲೆಯಲ್ಲಿ ಕರ್ನೆಲ್ಲಿನ ಜೊತೆಗೇ ಕೂಡಿಸಿ ಕೊಟ್ಟಿರುವುದು ಲಿನಕ್ಸಿನ ದೊಡ್ಡ ಗುಣ. ಬಹುಮಟ್ಟಿಗೆ ಎಲ್ಲ ಅಂಗಗಳೂ ಯಾವ ತಟ್ಟೆಯ ಹಂಗೂ ಇಲ್ಲದೆ ಎದ್ದು ಕೆಲಸಕ್ಕೆ ನಿಲ್ಲುತ್ತವೆ. ದುಃಖವೆಲ್ಲ ಆ ಗುಂಪಿನಲ್ಲಿ ಸೇರದೆ ಉಳಿದುದರಲ್ಲಿ.

ನಮ್ಮ ನೆರೆಮನೆಯ ಗೃಹಸ್ಥರೊಬ್ಬರ ಗಣಕಕ್ಕೆ ಈಚೆಗೆ ಲಿನಕ್ಸನ್ನು ಹಾಕಿಕೊಟ್ಟೆವು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ವೈ-ಫೈ ಮಾತ್ರ ಇಲ್ಲ. ಅವರು ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ ಹೆಬ್ಬೆಟ್ಟಿನಷ್ಟು ಗಾತ್ರದ ಯುಎಸ್‌ಬಿ ಅಡಾಪ್ಟರ್ ಒಂದು ಬೆನ್ನಿಗೆ ಚುಚ್ಚಿತ್ತು. ಅದರ ಡ್ರೈವರನ್ನು ಜಾಲದಿಂದ ಇಳಿಸಿಕೊಳ್ಳಬೇಕು. ಜಾಲಕ್ಕೆ ಹೋಗಬೇಕಾದರೆ ಆ ಡ್ರೈವರ್ ಬೇಕು. ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮ ಹಳ್ಳಿಗರು ಇದೇ ದೋಷವನ್ನು ಇನ್ನೂ ಚೆನ್ನಾಗಿ ಹೇಳಿದ್ದಾರೆ. ಅಷ್ಟೇ ಅಲ್ಲ, ಆ ಅಡಾಪ್ಟರ್ ಕಾಮರೂಪಿ. ಚುಚ್ಚಿದೊಡನೆ ತಾನು ವೈ-ಫೈ ಯಂತ್ರವೆಂದು ಹೇಳಿಕೊಳ್ಳದೆ, ವಿಂಡೋಸಿನ ಡ್ರೈವರನ್ನು ಹೊಟ್ಟೆಯಲ್ಲಿಟ್ಟುಕೊಂಡ ಒಂದು ಸಿ.ಡಿ. ತಟ್ಟೆಯೆಂದು ಹೇಳಿಕೊಳ್ಳುತ್ತದೆ. ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಸಣ್ಣ ಸಾಧನದಿಂದ ತಟ್ಟಿ ಎಬ್ಬಿಸಿದ ಬಳಿಕವೇ ನಿಜರೂಪಕ್ಕೆ ಬರುವುದು. ವಿಂಡೋಸಿನವರ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಇತರರಿಗೆ ಒಗಟಾಗಿ ಪರಿಣಮಿಸಿದೆ.

ಅನ್ಯೋನ್ಯಾಶ್ರಯದಿಂದ ಬಿಡಿಸಿಕೊಳ್ಳುವ ದಾರಿಯನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು. ಕೈಯಲ್ಲಿರುವ ಮೊಬೈಲ್ ಫೋನನ್ನು ಚಾರ್ಜಿನ ತಂತಿಯಿಂದಲೇ ಗಣಕಕ್ಕೆ ಸೇರಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ತೆರೆದರೆ, ಫೋನಿನ ಜಾಲಸಂಪರ್ಕ ಗಣಕಕ್ಕೂ ಬರುತ್ತದೆ. ಫೋನು ಆಗ ಆಡುವ ಭಾಷೆ ಲಿನಕ್ಸಿಗೆ ಮೊದಲೇ ಗೊತ್ತು. ಹಾಗೆ ಮಾಡಿ, ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಬರೆದಿಟ್ಟಿದ್ದ ಡ್ರೈವರಿನ ಮೂಲವನ್ನು ಇಳಿಸಿ, ಅದನ್ನು ಯಂತ್ರಭಾಷೆಗೆ ತಿರುಗಿಸುವ ಉಪಕರಣಗಳನ್ನು ಒಂದೊಂದಾಗಿ ತರಿಸಿ, ಸಂಜೆಯ ದೀಪ ಹಚ್ಚುವ ಹೊತ್ತಿಗೆ ವೈ-ಫೈ ಕಣ್ಣು ತೆರೆಯಿತು. ಮನೆಯವರಿಗೆಲ್ಲ ಸಂತೋಷವಾಯಿತು.

ಎರಡು ವಾರ ಕಳೆಯಿತು. ಅವರ ಮಗಳು ಪರೀಕ್ಷೆಯ ಅರ್ಜಿಯನ್ನು ಕಳುಹಿಸುವುದಕ್ಕೆ ಕಡೆಯ ದಿನ. ಹಿಂದಿನ ರಾತ್ರಿ ಗಣಕವು ತನ್ನ ಕರ್ನೆಲ್ಲನ್ನು ತಾನೇ ಹೊಸದು ಮಾಡಿಕೊಂಡಿತ್ತು. ಬೆಳಿಗ್ಗೆ ನೋಡಿದರೆ ವೈ-ಫೈ ಮಾಯ! ಹುಡುಗಿ ಅಳುಮೋರೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು.

ಇದಕ್ಕೆ ಕಾರಣವನ್ನು ವಿವರಿಸಬೇಕು, ಏಕೆಂದರೆ ಜನರು ಕೋಪಿಸಿಕೊಂಡು ಲಿನಕ್ಸನ್ನು ಕಿತ್ತೆಸೆಯುವುದು ಮೊದಲ ದಿನದ ತೊಡಕಿನಿಂದಲ್ಲ, ಈ ಎರಡನೆಯ ಪೆಟ್ಟಿನಿಂದ. ಕರ್ನೆಲ್ಲಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಡುತ್ತದೆ. ಅದರ ಒಳಗಿನ ನಡೆನುಡಿಗಳನ್ನು ಬೇಕೆಂದಾಗ ಬದಲಾಯಿಸುವ ಸ್ವಾತಂತ್ರ್ಯವನ್ನು ಅದನ್ನು ಕಟ್ಟುವವರು ತಿಳಿದೇ ಇಟ್ಟುಕೊಂಡಿದ್ದಾರೆ. ಒಳಗಿನ ದುಭಾಷಿಗಳನ್ನು ಬದಲಾಯಿಸುವವರೇ ತಿದ್ದಿಬಿಡುತ್ತಾರೆ. ಹೊರಗಿನವನ ಗತಿ ಹೊರಗಿನವನಿಗೆ. ಕರ್ನೆಲ್ ಹೊಸದಾದಾಗಲೆಲ್ಲ ಹೊರಗಿನ ಡ್ರೈವರನ್ನು ತಾನಾಗಿಯೇ ಮತ್ತೆ ಕಟ್ಟುವ ಡಿಕೆಎಂಎಸ್ ಎಂಬ ಏರ್ಪಾಡೇನೋ ಉಂಟು, ನೆರೆಮನೆಯ ಗಣಕದಲ್ಲಿ ಅದೂ ಇತ್ತು. ಆದರೆ ಒಳಗಿನ ಒಂದು ಕ್ರಿಯೆಯ ಹೆಸರೇ ಬದಲಾಗಿದ್ದರೆ ಹಳೆಯ ಮೂಲವನ್ನು ಎಷ್ಟು ಸಲ ಕಟ್ಟಿದರೇನು? ಮೂಲವನ್ನು ಬರೆದ ಪುಣ್ಯಾತ್ಮರು ತಿದ್ದುವವರೆಗೆ ಕಾಯಬೇಕು. ಅವರಿಗೂ ಮನೆ ಮಠ ಉಂಟಷ್ಟೆ.

ಅರ್ಜಿಯೇನೋ ಹೋಯಿತು. ಲಿನಕ್ಸ್ ಹಳೆಯ ಕರ್ನೆಲ್ಲನ್ನು ಕೂಡಲೇ ಅಳಿಸಿಹಾಕುವುದಿಲ್ಲ. ಗಣಕವು ಏಳುವಾಗ ತೋರುವ ಪಟ್ಟಿಯಲ್ಲಿ ಹಿಂದಿನದನ್ನು ಆರಿಸಿಕೊಂಡರೆ ಹಿಂದಿನ ಸ್ಥಿತಿಯೇ ದೊರೆಯುತ್ತದೆ. ಈ ಪಟ್ಟಿ ಕೆಲವು ಗಣಕಗಳಲ್ಲಿ ತಾನಾಗಿ ಕಾಣಿಸದು. ಏಳುವ ಹೊತ್ತಿನಲ್ಲಿ ಎಸ್ಕೇಪ್ ಅಥವಾ ಶಿಫ್ಟ್ ಕೀಲಿಯನ್ನು ಒತ್ತಿ ಕರೆಯಬೇಕು. ಇಷ್ಟು ಅಮೂಲ್ಯವಾದ ಬಾಗಿಲನ್ನು ಇಷ್ಟು ಗುಟ್ಟಾಗಿ ಏಕೆ ಇಟ್ಟಿದ್ದಾರೋ ತಿಳಿಯದು. ಲಿನಕ್ಸನ್ನು ಕಟ್ಟುವವರು ಬುದ್ಧಿವಂತರು, ಉದಾರಿಗಳು. ಆದರೆ ಅವರ ಬರಹಗಳನ್ನು ಓದಿದರೆ ತಮ್ಮಂಥವರಿಗಾಗಿಯೇ ಬರೆದುಕೊಂಡಂತೆ ತೋರುತ್ತದೆ.

ಆದರೂ ಮುಖ್ಯ ಅಪರಾಧ ಅವರದಲ್ಲವೆಂದೇ ನಮ್ಮ ತೀರ್ಮಾನ. ಆ ಅಡಾಪ್ಟರನ್ನು ಮಾಡಿದವರು ಅದರ ಸಂಕೇತವನ್ನು ಬಹಿರಂಗವಾಗಿ ಬರೆದುಕೊಟ್ಟಿದ್ದರೆ, ಅಥವಾ ಡ್ರೈವರನ್ನು ಕರ್ನೆಲ್ಲಿನ ಒಳಕ್ಕೆ ತಾವೇ ಸೇರಿಸಿದ್ದರೆ, ಆ ಹುಡುಗಿ ಅಳಬೇಕಾಗಿರಲಿಲ್ಲ. ಮಾರುವವನು ವಸ್ತುವನ್ನು ಕೊಟ್ಟು ಅದರ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ಈ ರೋಗ ಹೊಸದೂ ಅಲ್ಲ. ೧೯೮೦ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿಯ ಲೇಸರ್ ಮುದ್ರಕವೊಂದು ಬಂತು. ಹಳೆಯ ಮುದ್ರಕದಲ್ಲಿ ಕಾಗದ ಸಿಕ್ಕಿಕೊಂಡರೆ ಕಾದಿರುವವರಿಗೆ ಸುದ್ದಿ ಮುಟ್ಟುವಂತೆ ರಿಚರ್ಡ್ ಸ್ಟಾಲ್ಮನ್ ಎಂಬವರು ತಿದ್ದಿಟ್ಟಿದ್ದರು. ಹೊಸದಕ್ಕೂ ಹಾಗೆ ಮಾಡಹೋದರೆ ಮೂಲವೇ ಇಲ್ಲ. ಮೂಲವುಳ್ಳ ಬೇರೊಂದು ವಿಶ್ವವಿದ್ಯಾನಿಲಯದವರು, ಯಾರಿಗೂ ಕೊಡೆನೆಂದು ಮಾತು ಕೊಟ್ಟಿರುವುದಾಗಿ ಹೇಳಿ ನಿರಾಕರಿಸಿದರು. ಆ ಕಹಿಯನ್ನು ಮರೆಯದ ಸ್ಟಾಲ್ಮನ್ನರು ೧೯೮೩ರಲ್ಲಿ ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಸಾರಿದರು. ಇಂದು ನಾವು ಲಿನಕ್ಸೆನ್ನುವುದರಲ್ಲಿ ಹಲವು ಸಾಮಗ್ರಿಗಳು ಆ ಯೋಜನೆಯವು. ಅಂತೂ ಒಂದು ಮುದ್ರಕದ ಡ್ರೈವರಿನಿಂದಲೇ ಇಷ್ಟೆಲ್ಲ ಬೆಳೆಯಿತೆಂದರೆ ಅತಿಶಯೋಕ್ತಿ ಹೆಚ್ಚಿಲ್ಲ.

ವಿದ್ಯೆಯನ್ನು ಮುಚ್ಚಿಟ್ಟವರ ಎದುರಿಗೆ ಬುದ್ಧಿವಂತರು ಮಾಡಿದ ಸಾಹಸವೊಂದು ನಮ್ಮಂಥ ವ್ಯಾಕರಣದ ಮೇಷ್ಟರಿಗೆ ಬಹಳ ಹಿಡಿಸಿದೆ. ಬ್ರಾಡ್‌ಕಾಮ್ ಸಂಸ್ಥೆಯ ವೈ-ಫೈ ಚಿಪ್ಪುಗಳ ವಿವರ ಯಾರಿಗೂ ಸಿಕ್ಕದಿದ್ದಾಗ, ಕೆಲವರು ಅದರ ಮುಚ್ಚಿದ ಡ್ರೈವರ್ ಏನೇನು ಮಾಡುತ್ತದೆಂಬುದನ್ನು ಗಮನಿಸಿ ಗಮನಿಸಿ ಒಂದು ವಿವರಣೆಯನ್ನು ಬರೆದರು. ಬೇರೆ ಕೆಲವರು ಆ ವಿವರಣೆಯನ್ನು ಮಾತ್ರ ಓದಿ, ಮುಚ್ಚಿದ ಡ್ರೈವರನ್ನು ಮುಟ್ಟದೆ, ಹೊಸ ಡ್ರೈವರನ್ನು ಬರೆದರು. ಕದ್ದರೆಂಬ ಅಪವಾದ ಬಾರದಿರಲೆಂದು ಈ ಮಡಿ. ಸೂತ್ರಗಳನ್ನು ಕೊಡದೆ ರೂಪಗಳನ್ನು ಮಾತ್ರ ಕೊಟ್ಟರೆ ರೂಪಗಳಿಂದಲೇ ವ್ಯಾಕರಣವನ್ನು ಕಟ್ಟಿದಂತಾಯಿತು. ಅದು ೨೦೦೬ರಲ್ಲಿ ಕರ್ನೆಲ್ಲಿನೊಳಗೆ ಸೇರಿತು. ಬ್ರಾಡ್‌ಕಾಮಿನವರು ತಮ್ಮ ಹೊಸ ಚಿಪ್ಪುಗಳಿಗೆ ಬಹಿರಂಗವಾದ ಡ್ರೈವರನ್ನು ತಾವೇ ಕೊಟ್ಟುದು ೨೦೧೦ರಲ್ಲಿ. ಚಿತ್ರಾಂಗಗಳನ್ನು ಮಾಡುವ ಎನ್ವಿಡಿಯಾ ಸಂಸ್ಥೆಯನ್ನು ಕುರಿತು ೨೦೧೨ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದಲ್ಲಿ ಟೋರ್ವಾಲ್ಡ್ಸರು ಕ್ಯಾಮರಾದ ಎದುರಿಗೇ ಬೆರಳೆತ್ತಿ ಆಡಿದ ಮಾತು ಗೃಹಪತ್ರಿಕೆಯಲ್ಲಿ ಅಚ್ಚು ಹಾಕತಕ್ಕದ್ದಲ್ಲ. ಹತ್ತು ವರ್ಷ ಕಳೆದು ೨೦೨೨ರಲ್ಲಿ ಅವರೂ ಹೊಸ ಪೀಳಿಗೆಯ ಅಂಗಗಳಿಗೆ ಕರ್ನೆಲ್ ಭಾಗದ ಮೂಲವನ್ನು ಹೊರಗಿಟ್ಟರು.

ಇನ್ನು ಸೆಕ್ಯೂರ್ ಬೂಟ್ ಎಂಬ ಕಾವಲು. ಮುದ್ರೆಯಿಲ್ಲದ ಹೊರಗಿನ ಡ್ರೈವರನ್ನು ಅದು ಒಳಕ್ಕೆ ಬಿಡದು. ಮುದ್ರೆಯನ್ನು ಒಪ್ಪಿಸಲು, ಗಣಕ ಮತ್ತೆ ಏಳುವಾಗ ಒಂದು ನೀಲಿ ತೆರೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿಯನ್ನು ಒತ್ತದಿದ್ದರೆ ಹೊರಟುಹೋಗುತ್ತದೆ. ಕನ್ನಡಕ ಹುಡುಕುವುದಕ್ಕೇ ನಮಗೆ ಅಷ್ಟು ಹೊತ್ತು ಬೇಕು!

ನೆರೆಮನೆಯವರಿಗೆ ಕಡೆಗೆ ಬೇರೆ ಅಡಾಪ್ಟರನ್ನೇ ತರಿಸಿದೆವು, ಕರ್ನೆಲ್ಲಿನ ಒಳಗೇ ದುಭಾಷಿಯುಳ್ಳದ್ದು. ತರಿಸುವಾಗ ನೋಡಬೇಕಾದುದು ಪೆಟ್ಟಿಗೆಯ ಮೇಲಿನ ಹೆಸರನ್ನಲ್ಲ. ಒಂದೇ ಹೆಸರಿನ ಅಡಾಪ್ಟರು ಮೊದಲ ಆವೃತ್ತಿಯಲ್ಲಿ ಒಂದು ಚಿಪ್ಪನ್ನೂ ಎರಡನೆಯದರಲ್ಲಿ ಇನ್ನೊಂದನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುವುದುಂಟು. ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆಯನ್ನು ಕೊಟ್ಟರೆ ನಾಲ್ಕು ಮತ್ತು ನಾಲ್ಕು ಅಕ್ಷರಗಳ ಒಂದು ಗುರುತು ಕಾಣುತ್ತದೆ. ಮೊದಲಿನದು ಮಾಡಿದವರ ಗೋತ್ರ, ಎರಡನೆಯದು ವಸ್ತುವಿನ ಸ್ವಂತ ನಾಮ. ಹುಡುಕಾಟವೆಲ್ಲ ಆ ಗುರುತಿನಿಂದಲೇ ನಡೆಯಬೇಕು. ಹಳೆಯ ವ್ಯವಸ್ಥೆಯನ್ನು ಅಳಿಸುವ ಮೊದಲು ಯುಎಸ್‌ಬಿ ಕಡ್ಡಿಯಿಂದಲೇ ಲಿನಕ್ಸನ್ನು ನಡೆಸಿ, ವೈ-ಫೈ, ಧ್ವನಿ, ಮುದ್ರಕ ಮೂರನ್ನೂ ಪರೀಕ್ಷಿಸಿಕೊಳ್ಳಬಹುದು. ಅದಕ್ಕೆ ಖರ್ಚೇನೂ ಇಲ್ಲ.

ಮುದ್ರಕದ ಮಾತನ್ನು ಹೇಳಿ ಮುಗಿಸುತ್ತೇವೆ. ಅಗ್ಗದ ಲೇಸರ್ ಮುದ್ರಕಗಳಲ್ಲಿ ಕೆಲವಕ್ಕೆ ಸ್ವಂತ ಬುದ್ಧಿಯಿಲ್ಲ. ಪುಟದ ಚಿತ್ರವನ್ನೆಲ್ಲ ಗಣಕವೇ ಸಿದ್ಧಪಡಿಸಿ, ಆ ಕಂಪನಿಯವರ ಗುಟ್ಟಿನ ಭಾಷೆಯಲ್ಲಿ ಉಣಿಸಬೇಕು. ಅಂಥದರ ಡ್ರೈವರನ್ನು ಕಂಪನಿಯವರು ಕೈಬಿಟ್ಟ ದಿನವೇ ಮುದ್ರಕವು ಅಟ್ಟ ಸೇರಿತೆಂದು ತಿಳಿಯಬೇಕು. ಈಚಿನ ಮುದ್ರಕಗಳು ಬಹುಮಟ್ಟಿಗೆ ಎಲ್ಲರಿಗೂ ಸಮಾನವಾದ ಒಂದು ಭಾಷೆಯನ್ನು ಆಡುತ್ತವೆ. ಅವಕ್ಕೆ ಪ್ರತ್ಯೇಕ ದುಭಾಷಿಯೇ ಬೇಡ. ಅಂಥದನ್ನು ಗುರುತಿಸುವ ಸುಲಭವಾದ ಚಿಹ್ನೆ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಎಂಬ ಮಾತು. ಅದು ಆಪಲ್ ಕಂಪನಿಯವರ ಮಾತಾದರೂ ಲಿನಕ್ಸಿನವರಿಗೂ ಅಷ್ಟೇ ಪ್ರಯೋಜಕ. ನಿಮ್ಮಲ್ಲಿ ಆಪಲ್ ಫೋನ್ ಇದೆಯೇ ಎಂದು ಅಂಗಡಿಯವನು ಕೇಳಿದರೆ ಇಲ್ಲವೆಂದೇ ಹೇಳಿ, ಪೆಟ್ಟಿಗೆಯನ್ನು ಮಾತ್ರ ತಿರುಗಿಸಿ ನೋಡಿ ತನ್ನಿ.