‘ಸ್ವಲ್ಪ ವಾಕಿಂಗ್ ಮಾಡಮ್ಮಾ’ ಅನ್ನೋರಿಗೆ

ಡೇಟ್‌ಗೆ ಇನ್ನೂ ಒಂಬತ್ತು ದಿನ ಇರುವಾಗಲೇ ನನಗೆ ಸೊಂಟ ಹಿಡಿಯೋಕೆ ಶುರುವಾಗತ್ತೆ. ಆಮೇಲೆ ಎದೆ ನೋವು, ಹೊಟ್ಟೆ ಉಬ್ಬರ, ರಾತ್ರಿ ಮೂರಕ್ಕೆ ಎಚ್ಚರ. ಕೊನೆಯ ನಾಲ್ಕು ದಿನ ಬರೋ ಸಿಟ್ಟಿಗೆ ನಾನೇ ಹೆದರ್ತೀನಿ. ಮುಟ್ಟು ಶುರುವಾಗಿ ಒಂದೆರಡು ದಿನಕ್ಕೆ ಎಲ್ಲ ಮಾಯ. ಹನ್ನೊಂದು ವರ್ಷ ಹೀಗೇ ತಳ್ಳಿದೆ. ಈ ಹನ್ನೊಂದು ವರ್ಷದಲ್ಲಿ ಅಮ್ಮ, ಅತ್ತೆ, ಮ್ಯಾನೇಜರ್, ಒಬ್ಬರು ಡಾಕ್ಟರ್, ಕೊನೆಗೆ ಲಿಫ್ಟ್‌ನಲ್ಲಿ ನಾನು ಸೊಂಟ ಹಿಡಿದು ನಿಂತಿದ್ದನ್ನ ನೋಡಿದ ಐದನೇ ಮಹಡಿ ಅಂಕಲ್ ಕೂಡ ಹೇಳಿದ್ದು ಒಂದೇ ಮಾತು: “ಸ್ವಲ್ಪ ವಾಕಿಂಗ್ ಮಾಡಮ್ಮಾ, ಸರಿ ಹೋಗತ್ತೆ.”

ನನಗೆ ಉರಿಯೋದು ಯಾಕೆ ಗೊತ್ತಾ? ಆ ಮಾತು ಸುಳ್ಳಲ್ಲ. ವ್ಯಾಯಾಮದಿಂದ ನನಗೆ ನಿಜವಾಗಲೂ ಉಪಯೋಗ ಆಗಿದೆ, ಕೆಳಗೆ ಅದನ್ನೂ ಬರೀತೀನಿ. ಆದರೆ ಔಷಧಿ ಆಗಬೇಕಿದ್ದ ಒಂದು ವಿಷಯವನ್ನ ನಮ್ಮ ಜನ ಬಾಯಿ ಮುಚ್ಚಿಸೋ ಬಿರಡೆ ಮಾಡ್ಕೊಂಡಿದಾರೆ. ನನ್ನ ಜಗಳ ಅದರ ಮೇಲೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಿಬಿಡ್ತೀನಿ, ಯಾಕಂದ್ರೆ ಅರ್ಧ ಜನ ಇಲ್ಲೇ ಎಡವೋದು. ಮುಟ್ಟಿನ ದಿನಗಳ ಹೊಟ್ಟೆನೋವು ಬೇರೆ, ಪಿಎಂಎಸ್ ಬೇರೆ. ಪಿಎಂಎಸ್ ಬರೋದು ಅಂಡೋತ್ಪತ್ತಿ ಆದಮೇಲೆ, ಮುಟ್ಟಿಗೆ ಮುಂಚಿನ ಒಂದೆರಡು ವಾರದಲ್ಲಿ. ಮುಟ್ಟು ಬಂದ ಮೇಲೆ ಅದು ಇಳಿದುಹೋಗತ್ತೆ. ಇದು ಸಾಫ್ಟ್‌ವೇರ್ ಹುಡುಗಿಯರು ಹೊಸದಾಗಿ ಕಂಡುಹಿಡಿದ ನೆಪ ಅಲ್ಲ ರೀ. 1931ರಲ್ಲೇ ನ್ಯೂಯಾರ್ಕಿನ ಡಾಕ್ಟರ್ ರಾಬರ್ಟ್ ಫ್ರಾಂಕ್ ಇದರ ಬಗ್ಗೆ ಬರೆದಿದ್ದಾರೆ. 1953ರಲ್ಲಿ ರೇಮಂಡ್ ಗ್ರೀನ್ ಮತ್ತು ಕ್ಯಾಥರಿನಾ ಡಾಲ್ಟನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈಗಿನ ಹೆಸರಿನಲ್ಲೇ ಲೇಖನ ಪ್ರಕಟಿಸಿದ್ರು. ಇದರ ತೀವ್ರ ರೂಪ ಪಿಎಂಡಿಡಿ. ಅದು 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ವತಂತ್ರ ಕಾಯಿಲೆಯಾಗಿ ಜಾಗ ಪಡೀತು. ಹಾರ್ಮೋನು ಎಲ್ಲ ಹೆಂಗಸರಲ್ಲೂ ಪ್ರತಿ ತಿಂಗಳು ಏರಿಳಿಯತ್ತೆ, ಆದರೆ ಕೆಲವರ ಮಿದುಳು ಆ ಏರಿಳಿತಕ್ಕೆ ಜಾಸ್ತಿ ಸ್ಪಂದಿಸತ್ತೆ. ಹಾಗಾಗಿ “ನಮಗೂ ಆಗ್ತಿತ್ತು, ನಾವೇನು ಹೀಗೆ ಆಡ್ತಿದ್ವಾ” ಅನ್ನೋ ಅತ್ತೆಯಂದಿರ ವಾದ ಅಲ್ಲಿಗೇ ಬಿದ್ದುಹೋಯ್ತು.

ಈಗ ನನ್ನ ಕಥೆ. ನಾನಿರೋದು ತಣಿಸಂದ್ರ ಮೇನ್ ರೋಡ್‌ಗೆ ಹೊಂದಿಕೊಂಡ ಒಂದು ಅಪಾರ್ಟ್‌ಮೆಂಟ್‌ನಲ್ಲಿ. ಕೆಲಸ ನಾಗವಾರದ ಕಡೆ ಟೆಸ್ಟಿಂಗ್. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಹೋದ ವರ್ಷ ಸೊಂಟ ನೋವು ತಡೆಯೋಕಾಗದೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ರ ಹೋದೆ. ಅವರು ಬೆನ್ನು ಮುಟ್ಟೋಕೂ ಮುಂಚೆ ಕೇಳಿದ್ದು, “ಈ ನೋವು ತಿಂಗಳ ಯಾವ ದಿನ ಬರತ್ತೆ?” ಅಂತ. ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯೆ ಅವರು! ಎರಡು ತಿಂಗಳು ದಿನಾ ರಾತ್ರಿ ಬರೀರಿ ಅಂದ್ರು. ನೋವು, ನಿದ್ದೆ, ಸಿಟ್ಟು, ಊತ, ಪ್ರತಿಯೊಂದಕ್ಕೂ ಒಂದರಿಂದ ಆರರವರೆಗೆ ಅಂಕ. ಎರಡನೇ ತಿಂಗಳ ಕೊನೆಗೆ ಆ ಹಾಳೆ ನೋಡಿದ್ರೆ ಚಿಕ್ಕ ಮಗುಗೂ ಗೊತ್ತಾಗ್ತಿತ್ತು. ಇಪ್ಪತ್ತನೇ ದಿನದಿಂದ ಗೆರೆ ಮೇಲಕ್ಕೆ, ಮುಟ್ಟು ಬಂದಮೇಲೆ ಕೆಳಕ್ಕೆ. ಪಿಎಂಎಸ್ ಹೌದೋ ಅಲ್ಲವೋ ಅಂತ ಗುರುತಿಸೋ ದಾರಿಯೂ ಇದೇ. ಇದಕ್ಕೆ ಅಂತ ಯಾವ ರಕ್ತಪರೀಕ್ಷೆಯೂ ಇಲ್ಲ.

ಆಮೇಲೆ ಅವರು ಕೊಟ್ಟಿದ್ದು ಉಪದೇಶ ಅಲ್ಲ, ಚೀಟಿ. ವಾರಕ್ಕೆ ಐದು ದಿನ, ಮೂವತ್ತು ನಿಮಿಷ, ಮಾತಾಡಬಹುದು ಆದರೆ ಹಾಡೋಕಾಗಲ್ಲ ಅನ್ನೋ ವೇಗದಲ್ಲಿ ನಡಿಗೆ. ವಾರಕ್ಕೆ ಎರಡು ದಿನ ಸೊಂಟ, ತೊಡೆ, ಪೃಷ್ಠದ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ. ಗ್ಲೂಟ್ ಬ್ರಿಡ್ಜ್ ಅಂದಾಗ ನಾನು ಬೆಪ್ಪಾಗಿ ನೋಡಿದೆ. “ಅದೇ ನಿಮ್ಮ ಸೇತುಬಂಧಾಸನ” ಅಂತ ನಕ್ಕರು. ಕೆಟ್ಟ ದಿನಗಳಲ್ಲಿ ಭಾರ ಎತ್ತೋದು ಕಮ್ಮಿ, ಬಾಲಾಸನ, ನಿಧಾನ ಉಸಿರಾಟ, ಸೊಂಟಕ್ಕೆ ಬಿಸಿ ಶಾಖ. ಮೂರು ತಿಂಗಳು ಬಿಡದೆ ಮಾಡಿ, ಆಮೇಲೆ ಹಾಳೆ ಪಕ್ಕಪಕ್ಕ ಇಟ್ಟು ನೋಡೋಣ ಅಂದ್ರು.

ನೋಡಿದ್ವಿ. ಸೊಂಟ ನೋವು ಐದರಿಂದ ಎರಡಕ್ಕೆ ಬಂತು. ನಿದ್ದೆ ಪರವಾಗಿಲ್ಲ. ಸಿಟ್ಟು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಎದೆನೋವು ಇದ್ದಲ್ಲೇ ಇದೆ. ಉಳಿದಿದ್ದಕ್ಕೆ ಅವರೇ “ಇನ್ನು ಇದು ನನ್ನ ಕೈಲಾಗೋದಲ್ಲ, ಸ್ತ್ರೀರೋಗ ತಜ್ಞರನ್ನ ನೋಡಿ” ಅಂತ ಕಳಿಸಿದ್ರು. ಒಳ್ಳೆ ಫಿಸಿಯೋ ಯಾರು ಅಂತ ಕೇಳಿದ್ರೆ, ಹೀಗೆ ತನ್ನ ಎಲ್ಲೆ ಗೊತ್ತಿರೋರು ಅಂತೀನಿ.

ಅಧ್ಯಯನಗಳು ಹೇಳೋದೂ ಹೆಚ್ಚುಕಮ್ಮಿ ಇಷ್ಟೇ. ಮುಟ್ಟಿನ ನೋವಿನ ಬಗ್ಗೆ 2019ರ ಕಾಕ್ರೇನ್ ಪರಾಮರ್ಶೆ ಹೇಳೋದು, ವಾರಕ್ಕೆ ಮೂರು ಸಲವಾದರೂ, ಸಲಕ್ಕೆ 45ರಿಂದ 60 ನಿಮಿಷ ವ್ಯಾಯಾಮ ಮಾಡಿದ್ರೆ ನೋವು ಗಮನಕ್ಕೆ ಬರೋಷ್ಟು ಇಳಿಯಬಹುದು ಅಂತ. ಪಿಎಂಎಸ್ ಮೇಲಿನ ಅಧ್ಯಯನಗಳು ಚಿಕ್ಕವು, ಆದರೂ ಬಹುತೇಕ ಅದೇ ದಿಕ್ಕು ತೋರಿಸ್ತವೆ. ತೀವ್ರವಾಗಿದ್ದವರಿಗೆ ಎಸ್ಎಸ್ಆರ್‌ಐ ಗುಂಪಿನ ಮಾತ್ರೆ, ಕೆಲವು ಗರ್ಭನಿರೋಧಕ ಮಾತ್ರೆ, ಆಪ್ತಸಮಾಲೋಚನೆ ಎಲ್ಲ ಇದೆ. ಅಂಥವರಿಗೆ “ವಾಕಿಂಗ್ ಮಾಡು” ಅಂತ ಹೇಳಿ ಕಳಿಸೋದು, ಕಾಲು ಮುರಿದವನಿಗೆ ಎಣ್ಣೆ ಹಚ್ಚು ಅಂದ ಹಾಗೆ. ಪ್ರತಿ ತಿಂಗಳು ಬದುಕೇ ಬೇಡ ಅನ್ನಿಸೋ ಹಂತಕ್ಕೆ ಹೋಗೋರು ಇದಾರೆ. ಅವರು ಹೋಗಬೇಕಾದ್ದು ಡಾಕ್ಟರ್ ಹತ್ರ, ಕೆರೆ ಏರಿಗಲ್ಲ.

ಈಗ ಜಗಳಕ್ಕೆ ಬರ್ತೀನಿ.

ಮೂವತ್ತು ನಿಮಿಷ, ವಾರಕ್ಕೆ ಐದು ದಿನ. ಎಲ್ಲಿ ಸ್ವಾಮಿ? ಯಾವಾಗ? ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ವಾಪಸ್. ನಮ್ಮ ರಸ್ತೆಯಲ್ಲಿ ಫುಟ್‌ಪಾತ್ ಅನ್ನೋದು ನೂರು ಹೆಜ್ಜೆ ಇದ್ದು, ಆಮೇಲೆ ಒಂದು ಟ್ರಾನ್ಸ್‌ಫಾರ್ಮರ್, ಆಮೇಲೆ ಒಂದು ಗುಂಡಿ, ಆಮೇಲೆ ಫುಟ್‌ಪಾತ್ ಮೇಲೇ ಬರೋ ಸ್ಕೂಟರ್. ವೇಗವಾಗಿ ನಡೆಯೋದಿರಲಿ, ಜೀವ ಉಳಿಸಿಕೊಂಡು ಹಾಲು ತಂದ್ರೆ ಸಾಕು. ರಾಚೇನಹಳ್ಳಿ ಕೆರೆ, ಜಕ್ಕೂರು ಕೆರೆ ಚೆನ್ನಾಗಿವೆ, ನಿಜ. ಶನಿವಾರ ಬೆಳಗ್ಗೆ ಹೋಗ್ತೀನಿ. ಆದರೆ ವಾರದ ದಿನ ಕತ್ತಲಲ್ಲಿ ಒಬ್ಬಳೇ ಕೆರೆ ಸುತ್ತೋಕೆ ನನಗೆ ವಾಕಿಂಗ್ ಹೇಳಿದ ಅದೇ ಅತ್ತೆ ಬಿಡ್ತಾರಾ? “ಈ ಹೊತ್ತಲ್ಲಿ ಎಲ್ಲಿಗೆ?” ಅಂತಾರೆ. ಔಷಧಿ ಚೀಟಿ ಬರೆದುಕೊಟ್ಟು ಅಂಗಡಿಗೆ ಬೀಗ ಹಾಕಿದ ಹಾಗಾಯ್ತು.

ಇನ್ನು ಆಫೀಸು. 2025ರ ಅಕ್ಟೋಬರ್ 9ರಂದು ರಾಜ್ಯ ಸಂಪುಟ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಡ್ತು. ತಿಂಗಳಿಗೆ ಒಂದು, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ, ಖಾಸಗಿ ಕಂಪನಿಗಳಿಗೂ. ನವೆಂಬರ್‌ನಲ್ಲಿ ಆದೇಶ ಬಂತು. ಹೋಟೆಲ್ ಮಾಲೀಕರ ಸಂಘ ಹೈಕೋರ್ಟ್ ಮೆಟ್ಟಿಲು ಹತ್ತಿತು. ಅದೇ ಹೊತ್ತಿಗೆ ನಮ್ಮ ಆಫೀಸಲ್ಲಿ ಏನಾಯ್ತು? ಎಚ್ಆರ್‌ನಿಂದ ಗುಲಾಬಿ ಬಣ್ಣದ ಮೇಲ್ ಬಂತು. ‘ಮುಟ್ಟಿನ ದಿನಗಳಲ್ಲಿ ಚಟುವಟಿಕೆಯಿಂದಿರಿ’ ಅಂತ ಒಂದು ಗಂಟೆ ವೆಬಿನಾರ್, ಅದೂ ಊಟದ ಹೊತ್ತಲ್ಲಿ. ಹದಿನೆಂಟು ಜನ ಹೆಂಗಸರು ಕುರ್ಚಿ ಮೇಲೆ ಕೂತು, ವ್ಯಾಯಾಮ ಎಷ್ಟು ಒಳ್ಳೇದು ಅಂತ ಸ್ಲೈಡ್ ನೋಡಿದ್ವಿ. ಟೀಮಿನ ಗಂಡಸೊಬ್ಬ ಕಾಫಿ ಮಷೀನ್ ಹತ್ರ ಅಂದ, “ವ್ಯಾಯಾಮ ಮಾಡಿದ್ರೆ ಸರಿ ಹೋಗೋದಾದ್ರೆ ರಜೆ ಯಾಕೆ?”

ಅವನಿಗೆ ಇಲ್ಲಿ ಉತ್ತರ ಕೊಡ್ತೀನಿ. ಶುಗರ್ ಇರೋರಿಗೂ ನಡಿಗೆ ಒಳ್ಳೇದು. ಅಂತ ಅವರ ಸಿಕ್ ಲೀವ್ ಕಿತ್ಕೋತೀವಾ? ನಿನ್ನ ಬೆನ್ನು ಹಿಡಿದಾಗ ಕಂಪನಿ ನಿನಗೆ ಎತ್ತರಿಸೋ ಮೇಜು ತರಿಸಿಕೊಡ್ತು, ಯಾರೂ ವೆಬಿನಾರ್ ಮಾಡಲಿಲ್ಲ. ವ್ಯಾಯಾಮ ತಿಂಗಳ ಇಪ್ಪತ್ತೆಂಟು ದಿನದ ಕೆಲಸ. ರಜೆ ಅದೂ ಸೋತ ಒಂದು ದಿನಕ್ಕೆ. ಒಂದಿದ್ರೆ ಇನ್ನೊಂದು ಬೇಡ ಅನ್ನೋ ಲೆಕ್ಕ ನಮ್ಮ ಮೈಗೆ ಮಾತ್ರ ಯಾಕೆ?

“ರಜೆ ಕೇಳಿದ್ರೆ ಹೆಣ್ಣುಮಕ್ಕಳನ್ನ ಕೆಲಸಕ್ಕೇ ತಗೊಳ್ಳಲ್ಲ” ಅನ್ನೋ ಮಾತನ್ನ ನಾನು ಹಗುರವಾಗಿ ತಳ್ಳಿಹಾಕಲ್ಲ. ನನ್ನ ಗೆಳತಿಯರೇ ಅದಕ್ಕೆ ಹೆದರ್ತಾರೆ. ಆದರೆ ಆ ಭಯಕ್ಕೆ ಮದ್ದು ನಾವು ಬಾಯಿ ಮುಚ್ಚಿಕೊಳ್ಳೋದಲ್ಲ. ಹೆಣ್ಣು ಅನ್ನೋ ಕಾರಣಕ್ಕೆ ಕೆಲಸ ಕೊಡದವನು ತಪ್ಪಿತಸ್ಥ, ನೋವಾಗತ್ತೆ ಅಂದವಳಲ್ಲ. ಬಿಹಾರದ ಸರ್ಕಾರಿ ನೌಕರಿಯಲ್ಲಿ 1992ರಿಂದ ತಿಂಗಳಿಗೆ ಎರಡು ದಿನ ಇಂಥ ರಜೆ ಇದೆ. ಅಲ್ಲಿನ ಕಚೇರಿಗಳಿಗೇನೂ ಬೀಗ ಬಿದ್ದಿಲ್ಲ.

ಇಲ್ಲಿವರೆಗೆ ಬೇರೆಯವರಿಗೆ ಬೈದೆ. ಈಗ ನನ್ನ ಸರದಿ.

ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕ ರಾಯಚೂರು ಕಡೆಯವರು. ಒಂದು ದಿನ ಸೊಂಟ ಹಿಡಿದುಕೊಂಡು ಬಾಗಿಲಲ್ಲೇ ಕೂತುಬಿಟ್ರು. “ಡೇಟ್ ಹತ್ರ ಬಂದಾಗ ಹಿಂಗ ಆಗ್ತದ” ಅಂದ್ರು. ನಾನು, ಹೊಸದಾಗಿ ಜ್ಞಾನೋದಯ ಆದವಳು, ಉತ್ಸಾಹದಲ್ಲಿ “ವ್ಯಾಯಾಮ ಮಾಡ್ರಿ ಅಕ್ಕಾ, ನನಗೆ ಎಷ್ಟು ಕಮ್ಮಿ ಆಯ್ತು ಗೊತ್ತಾ” ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ ನಕ್ಕರು. “ಮುಂಜಾನಿಂದ ಐದ್ ಮನಿ ನೆಲಾ ಒರಸೀನಿ. ಇನ್ನೆಷ್ಟ್ ವ್ಯಾಯಾಮ ಮಾಡ್ಲಿ ಹೇಳ್ರಿ?”

ಆ ಅಂಕಲ್ ಬಾಯಲ್ಲಿ ಬಂದ ಮಾತೇ ನನ್ನ ಬಾಯಲ್ಲೂ ಬಂದಿತ್ತು. ಬಗ್ಗಿ ನೆಲ ಒರೆಸೋದು, ಬಕೆಟ್ ಎತ್ತೋದು ಚಿಕಿತ್ಸೆಯಲ್ಲ, ದುಡಿಮೆ. ಅವರಿಗೆ ಬೇಕಿದ್ದದ್ದು ವಿಶ್ರಾಂತಿ. ಸರ್ಕಾರದ ಆದೇಶ ಕಾರ್ಖಾನೆ, ಅಂಗಡಿ, ವಾಣಿಜ್ಯ ಸಂಸ್ಥೆ, ಪ್ಲಾಂಟೇಷನ್, ಬೀಡಿ, ಮೋಟಾರು ಸಾರಿಗೆ ಕೆಲಸಗಾರರ ಹೆಸರು ಹೇಳತ್ತೆ. ಮನೆಗೆಲಸದವರು ಅದರಲ್ಲಿ ಇಲ್ಲ. ಅಂದ್ರೆ ಅವರ ಮಟ್ಟಿಗೆ ಸರ್ಕಾರವೂ ನಾನೇ, ಎಚ್ಆರೂ ನಾನೇ. ಈಗ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ದಿನ ಸಂಬಳ ಕಡಿಯದ ರಜೆ, ಯಾವ ದಿನ ಅಂತ ಅವರೇ ಹೇಳ್ತಾರೆ, ಕಾರಣ ಕೇಳಲ್ಲ. ಉಳಿದ ನಾಲ್ಕು ಮನೆಯವರಲ್ಲಿ ಒಬ್ಬರು ಒಪ್ಪಿದ್ದಾರೆ. ಮೂವರು “ಅಭ್ಯಾಸ ಕೆಡಸ್ತೀರಾ” ಅಂತ ನನ್ನ ಮೇಲೆ ಸಿಟ್ಟಾಗಿದ್ದಾರೆ. ಆಗಲಿ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ವ್ಯಾಯಾಮ ಮದ್ದು ಅಂತ ನಂಬೋದಾದ್ರೆ ಮದ್ದಿನ ಥರ ನಡೆಸಿಕೊಳ್ಳಿ. ವಾರಕ್ಕೆ ಮೂರು ದಿನ 45 ನಿಮಿಷ ಕೆಲಸದ ಸಮಯದಲ್ಲೇ ಕೊಡಿ, ಆ ಹೊತ್ತಿಗೆ ಕಾಲ್ ಇಡಬೇಡಿ. ನನ್ನ ಫಿಸಿಯೋ ಒಂದು ಸೆಷನ್‌ಗೆ 600 ರೂಪಾಯಿ ತಗೋತಾರೆ, ಆಫೀಸಿನ ಇನ್ಶೂರೆನ್ಸ್ ಅದರಲ್ಲಿ ಒಂದು ರೂಪಾಯಿಯನ್ನೂ ಕೊಡಲ್ಲ, ಅದನ್ನ ಸೇರಿಸಿ. ಅಪಾರ್ಟ್‌ಮೆಂಟ್ ಸಂಘದವರು ರಂಗೋಲಿ ಸ್ಪರ್ಧೆಗೆ ತೋರಿಸೋ ಉತ್ಸಾಹದಲ್ಲಿ ಕಾಲುಭಾಗ ಗೇಟಿನ ಹೊರಗಿನ ಬೀದಿದೀಪಕ್ಕೆ ತೋರಿಸಲಿ. ಡಾಕ್ಟರುಗಳು ಸಲಹೆ ಕೊಡೋ ಮುಂಚೆ “ಯಾವ ದಿನ ಬರತ್ತೆ?” ಅಂತ ಕೇಳಲಿ.

ನಿಮಗೂ ಹೀಗಾಗ್ತಿದ್ರೆ ಇವತ್ತು ರಾತ್ರಿಯಿಂದಲೇ ಬರೆಯೋಕೆ ಶುರು ಮಾಡಿ. ಎರಡು ತಿಂಗಳು, ದಿನಕ್ಕೆ ಎರಡು ನಿಮಿಷ. ಆ ಹಾಳೆ ಕೈಯಲ್ಲಿದ್ರೆ ಯಾವ ಡಾಕ್ಟರೂ, ಯಾವ ಮ್ಯಾನೇಜರೂ ‘ನಿನ್ನ ಭ್ರಮೆ’ ಅನ್ನೋದು ಸುಲಭ ಅಲ್ಲ.

ಐದನೇ ಮಹಡಿ ಅಂಕಲ್ ಮೊನ್ನೆ ಮತ್ತೆ ಸಿಕ್ಕಿದ್ರು. “ವಾಕಿಂಗ್ ಮಾಡ್ತಿದೀಯೇನಮ್ಮಾ?” ಅಂದ್ರು. “ಮಾಡ್ತಿದೀನಿ ಅಂಕಲ್. ಫುಟ್‌ಪಾತ್ ಬಗ್ಗೆ ಪಾಲಿಕೆಗೆ ಒಂದು ಅರ್ಜಿ ಬರೆದಿದೀನಿ, ನೀವೂ ಒಂದು ಸಹಿ ಹಾಕ್ತೀರಾ?” ಅಂದೆ. ಕನ್ನಡಕ ಮನೇಲಿದೆ ಅಂದ್ರು. ಸಂಜೆ ಅರ್ಜಿ ತಗೊಂಡು ಅವರ ಮನೆಗೇ ಹೋಗ್ತಿದೀನಿ.