ಅಂದರ್ ನಮಗೆ, ಬಾಹರ್ ಅವರಿಗೆ

ಯುಗಾದಿ ಮಾರನೇ ದಿನ, ಹೊಸತೊಡಕು. ಶಿರಾ ಗೇಟಿನಿಂದ ಆಚೆ ಹುಣಸೆ ಮರದಡಿ ನಮ್ಮ ಸೋದರಮಾವ ಟವೆಲ್ ಹಾಸಿಕೊಂಡು ಇಸ್ಪೀಟಿಗೆ ಕೂತಿದ್ದ. ಜೊತೆಗೆ ಏಳು ಜನ. ಎಲ್ಲರೂ ಮೂಟೆ ಹೊರುವವರು, ಗಾರೆ ಕೆಲಸದವರು. ಆಟ ಅಂದರ್-ಬಾಹರ್. ಜೀಪು ಬಂತು. ಓಡಿದವರು ಓಡಿದರು, ಮಂಡಿನೋವಿನ ನಮ್ಮ ಮಾವ ಸಿಕ್ಕಿಬಿದ್ದ. ಟವೆಲ್ ಮೇಲಿದ್ದ 1,140 ರೂಪಾಯಿ, ಇಸ್ಪೀಟು, ಕಡೆಗೆ ಆ ಟವೆಲ್ಲೂ ವಶ. ಪೊಲೀಸ್ ಕಾಯ್ದೆ 87ನೇ ಸೆಕ್ಷನ್. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಯಾಕೆ ಒಪ್ಪಿಕೊಂಡೆ ಮಾವ ಅಂದರೆ, ‘ವಾಯಿದೆ ವಾಯಿದೆಗೂ ಕೂಲಿ ಬಿಟ್ಟು ಬಂದು ನಿಂತ್ಕಳಕ್ಕೆ ನಿಮ್ಮಪ್ಪ ದುಡ್ಡು ಕೊಡ್ತಾನೇನ್ಲಾ’ ಅಂದ.

ಅಣ್ಣಂದಿರೇ, ಅಕ್ಕಂದಿರೇ, ಜೂಜು ಒಳ್ಳೆಯದು ಅಂತ ಹೇಳೋಕೆ ನಾನು ಈ ಪುಟ ತುಂಬಿಸುತ್ತಿಲ್ಲ. ನಮ್ಮತ್ತೆಯ ಕಿವಿಯೋಲೆ ಇದೇ ಟವೆಲ್ ಮೇಲೆ ಕರಗಿದೆ. ಮಾವ ಸ್ಟೇಷನ್ನಿನಲ್ಲಿದ್ದ ರಾತ್ರಿ ಅವಳು ‘ಇರ್ಲಿ ಬುಡು’ ಅಂತ ಮಲಗಿಬಿಟ್ಟಳು. ಅವಳ ಸಿಟ್ಟು ನ್ಯಾಯದ ಸಿಟ್ಟು. ಆದರೆ ಕಾನೂನಿನ ಸಿಟ್ಟು ಅಂಥದ್ದಲ್ಲ. ಅದು ಜಾಗ ನೋಡಿ, ಜೇಬು ನೋಡಿ ಬರುವ ಸಿಟ್ಟು.

ಇಲ್ಲಿಂದ 70 ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿನ ನಡುಮಧ್ಯೆ ರೇಸ್ ಕೋರ್ಸ್ ಇದೆ. ಅಲ್ಲಿ ಹಗಲಿನಲ್ಲೇ, ಕೌಂಟರಿನಲ್ಲೇ, ರಸೀದಿ ಪಡೆದು ಪಣ ಕಟ್ಟುತ್ತಾರೆ. ಅಲ್ಲಿಗೆ ಹೀಗೆ ಜೀಪು ಯಾಕೆ ಹೋಗುವುದಿಲ್ಲ? ಮಾವನನ್ನು ಹಿಡಿದ ಅದೇ 1963ರ ಕರ್ನಾಟಕ ಪೊಲೀಸ್ ಕಾಯ್ದೆಯನ್ನು ತೆಗೆದು ನೋಡಿ. ಜೂಜು ಎಂದರೇನು ಎಂದು ಹೇಳುವ ಜಾಗದಲ್ಲೇ, ಲೈಸೆನ್ಸ್ ಇರುವ ರೇಸ್ ಕೋರ್ಸಿನೊಳಗೆ, ಗೊತ್ತುಮಾಡಿದ ಆವರಣದಲ್ಲಿ, ಓಟದ ದಿನ ಕುದುರೆ ಮೇಲೆ ಕಟ್ಟುವ ಪಣವನ್ನು ಜೂಜಿನ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಆ ಲೈಸೆನ್ಸಿಗೆ ಮೈಸೂರು ರಾಜ್ಯದ ಕಾಲದಲ್ಲೇ, 1952ರಲ್ಲೇ, ಬೇರೆ ಕಾಯ್ದೆ ಆಗಿದೆ. ಹುಣಸೆ ಮರಕ್ಕೆ ಲೈಸೆನ್ಸ್ ಕೊಡುವ ಕಾಯ್ದೆ ಯಾವ ಸರ್ಕಾರವೂ ಮಾಡಲಿಲ್ಲ.

ಪಕ್ಕದ ತಮಿಳುನಾಡು 1974ರಲ್ಲಿ ಕುದುರೆ ರೇಸನ್ನೇ ರದ್ದು ಮಾಡುವ ಕಾನೂನು ತಂದಿತು. 1986ರಲ್ಲಿ ಮದ್ರಾಸ್ ರೇಸ್ ಕ್ಲಬ್ಬನ್ನು ಸ್ವಾಧೀನ ಮಾಡಿಕೊಳ್ಳುವ ಕಾನೂನನ್ನೂ ತಂದಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕುದುರೆ ರೇಸು ಅದೃಷ್ಟದ ಆಟ ಅಲ್ಲ, ಕೌಶಲದ ಆಟ. ಸ್ವಾಧೀನದ ಕಾನೂನು ಸಂವಿಧಾನದ 14ನೇ ವಿಧಿಗೆ ವಿರುದ್ಧ. ಕೇಳಿದಿರಾ? 14ನೇ ವಿಧಿ! ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ವಿಧಿ. ಬಾಬಾಸಾಹೇಬರು ಕರಡು ಸಮಿತಿಯಲ್ಲಿ ಕೂತು ಮೈ ಸವೆಸಿದ್ದು ರೇಸ್ ಕ್ಲಬ್ಬನ್ನು ಉಳಿಸಲಿಕ್ಕಾ?

ಕ್ಲಬ್ಬುಗಳಿಗೆ ಈ ‘ಕೌಶಲ’ ಹೊಸದೇನಲ್ಲ. 1967ರಲ್ಲೇ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, ರಮ್ಮಿಗೆ ಜ್ಞಾಪಕಶಕ್ತಿ ಬೇಕು, ಆದ್ದರಿಂದ ಅದು ಕೌಶಲ ಎಂದಾಯಿತು. ಮೂರೆಲೆ ಆಟ ಮಾತ್ರ ಬರೀ ಅದೃಷ್ಟ. ಅದೇ ಲೆಕ್ಕ ಹಿಡಿದರೆ ನಮ್ಮ ಅಂದರ್-ಬಾಹರ್ ಕೂಡಾ ಅದೃಷ್ಟವೇ, ನಾನು ವಾದ ಮಾಡೋದಿಲ್ಲ. ನನ್ನ ಪ್ರಶ್ನೆ ಕೌಶಲ ಎಂಬ ಆ ಪದದ್ದು. ಕುದುರೆ ಮೇಲೆ ಕೂತು ಓಡಿಸುವವನಿಗೆ ಕೌಶಲ ಇದೆ, ಒಪ್ಪಿದೆ. ಲಾಯದಲ್ಲಿ ಲದ್ದಿ ಬಾಚಿ ಮೈ ತಿಕ್ಕುವವನಿಗೂ ಇದೆ. ಕಟಾಂಜನಕ್ಕೆ ಒರಗಿ ದುಡ್ಡು ಕಟ್ಟುವವನಿಗೆ ಏನಿದೆ? ರೇಸಿನ ಪುಸ್ತಕದಲ್ಲಿ ಪ್ರತಿ ಕುದುರೆಯ ಅಪ್ಪ ಅಮ್ಮನ ಹೆಸರು ಅಚ್ಚಾಗಿರುತ್ತದೆ. ಹುಟ್ಟು ನೋಡಿ ಬೆಲೆ ಕಟ್ಟುವುದೇ ಅವನ ಜಾಣತನ. ಈ ಜಾಣತನ ನಮಗೆ ಗೊತ್ತಿಲ್ಲದ್ದಲ್ಲ. ಹಳ್ಳಿ ಹೋಟ್ಲಲ್ಲಿ ಲೋಟ ಕೊಡುವ ಮುಂಚೆ ‘ನಿಮ್ಮಪ್ಪ ಯಾರಪ್ಪಾ’ ಅಂತ ಕೇಳುತ್ತಿದ್ದವರು ಇದರಲ್ಲಿ ದೊಡ್ಡ ಪಂಡಿತರು.

ನೂರು ಕೆಜಿ ಮೂಟೆಯನ್ನು ಬೆನ್ನಿಗೇರಿಸಿಕೊಂಡು ಹಲಗೆ ಮೇಲೆ ಲಾರಿ ಹತ್ತುವ ನಮ್ಮ ಮಾವ ಕೂಲಿ ಪಟ್ಟಿಯಲ್ಲಿ ಯಾವ ಕಾಲಮ್ಮಿನಲ್ಲಿದ್ದಾನೆ ಗೊತ್ತಾ? ‘ಅಕುಶಲ’.

2021ರಲ್ಲಿ ಕರ್ನಾಟಕ ಸರ್ಕಾರ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಲು ಪೊಲೀಸ್ ಕಾಯ್ದೆ ತಿದ್ದಿತು. ಆಗಲೂ ಕುದುರೆ ರೇಸಿಗೆ ವಿನಾಯಿತಿ. ಆ ತಿದ್ದುಪಡಿಯ ಮುಖ್ಯ ಭಾಗವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದು ಮಾಡಿತು. ಕಂಪನಿಗಳ ಬಾಯಲ್ಲೂ ಅದೇ ಮಂತ್ರ, ಕೌಶಲ. 2025ರ ಆಗಸ್ಟಿನಲ್ಲಿ ಕೇಂದ್ರದವರು ಕೌಶಲವೋ ಅದೃಷ್ಟವೋ ಯಾವುದಾದರೂ ಸರಿ, ಆನ್‌ಲೈನಿನಲ್ಲಿ ದುಡ್ಡಿನ ಆಟ ಕೂಡದು ಎಂದು ಕಾನೂನು ಮಾಡಿದರು. ಒಳ್ಳೇದೇ ಆಯಿತು, ನಮ್ಮ ಹುಡುಗರು ಫೋನಿನಲ್ಲಿ ಮನೆ ಕಳೆದುಕೊಳ್ಳುತ್ತಿದ್ದರು. ಅಂದರೆ ಮನಸ್ಸಿದ್ದರೆ ‘ಕೌಶಲ’ದ ಪರದೆ ಸರಿಸಬಹುದು ಅಂತಾಯ್ತು. ಹಾಗಾದರೆ ರೇಸ್ ಕೋರ್ಸಿನ ಗೇಟಿನಲ್ಲಿ ಆ ಪರದೆ ಯಾಕೆ ಇನ್ನೂ ತೂಗಾಡುತ್ತಿದೆ?

ಇನ್ನು ನೆಲದ ಮಾತು. ಬೆಂಗಳೂರು ಟರ್ಫ್ ಕ್ಲಬ್ ಕೂತಿರುವುದು ಸರ್ಕಾರಿ ನೆಲದಲ್ಲಿ. ಗುತ್ತಿಗೆ ಮುಗಿದದ್ದು 2009ರ ಡಿಸೆಂಬರಿನಲ್ಲಿ. ಆಮೇಲೂ ಕುದುರೆ ಓಡಿದವು, ವಕೀಲರೂ ಓಡಾಡಿದರು. ನಾವು ಗೋಮಾಳದಲ್ಲಿ ಎರಡು ಗುಂಟೆಗೆ ಬೇಲಿ ಹಾಕಿದರೆ ಅದಕ್ಕೆ ಒತ್ತುವರಿ ಅಂತ ಹೆಸರು. ನಮ್ಮದೇ ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ನೋಡಿ, ಟಿಪ್ಪುವಿನ ಕಾಲದ್ದು ಅಂತಾರೆ. ನಾನೂರು ಎಕರೆಗೂ ಮೀರಿದ ಸರ್ಕಾರಿ ಜಮೀನು. 1992ರಲ್ಲಿ 30 ವರ್ಷದ ಗುತ್ತಿಗೆಗೆ ವಿಜಯ್ ಮಲ್ಯರ ಕಂಪನಿಯ ಪಾಲಾಯಿತು. ಅವಧಿ ಮುಗಿದ ಮೇಲೆ ಅಲ್ಲಿ ಟೌನ್‌ಶಿಪ್ ಅಂದರು, ರೇಸ್ ಕೋರ್ಸನ್ನೇ ಅಲ್ಲಿಗೆ ತರುವ ಮಾತೂ ಎದ್ದಿತು. ಜಮೀನಿಲ್ಲದವರಿಗೆ ಅದರಲ್ಲಿ ಒಂದು ಪಾಲು ಅನ್ನುವ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಮಾವನಿಗೆ 1996ರ ತೀರ್ಪನ್ನು ಓದಿ ಹೇಳಿದೆ. ಬೀಡಿ ಆರಿಸಿ ಕೇಳಿದ: ‘ಅಲ್ಲ ಕಣ್ಲಾ, ಧರ್ಮರಾಯ ಪಗಡೇಲಿ ಹೆಂಡ್ತೀನೇ ಇಟ್ನಲ್ಲ, ಅವನ ಮೇಲೆ ಯಾವ ಸೆಕ್ಷನ್ ಹಾಕಿದ್ರು?’

ಅತ್ತೆ ಒಳಗಿಂದ ಅಂದಳು, ‘ನಿನ್ಗೂ ಧರ್ಮರಾಯಂಗೂ ಒಂದೇ ಸೆಕ್ಷನ್ ಹಾಕ್ಬೇಕು.’

ನಾವು ಕೇಳುತ್ತಿರುವುದೂ ಅತ್ತೆಯ ಮಾತನ್ನೇ. 87 ಇರುವುದಾದರೆ ರೇಸ್ ಕೋರ್ಸಿಗೂ ಇರಲಿ. ಇಲ್ಲವಾದರೆ ಹಬ್ಬದ ದಿನ ನೂರಿನ್ನೂರು ರೂಪಾಯಿಗೆ ಕೂತವರ ಮೇಲೆ ಕೇಸು ಹಾಕುವುದನ್ನು ಬಿಡಲಿ. ಯಾರ ಯಾರ ಮೇಲೆ ಈ ಕೇಸು ಬಿದ್ದಿದೆಯೋ ಅವರು ಸಮನ್ಸು, ದಂಡದ ರಸೀದಿ ಏನಿದ್ದರೂ ಮುಂದಿನ ಸಭೆಗೆ ತನ್ನಿ. ಓದಲು ಬಾರದಿದ್ದರೂ ಪರವಾಗಿಲ್ಲ, ನಾವು ಓದುತ್ತೇವೆ. ಟವೆಲ್ ಕಳೆದುಕೊಂಡವರು ಅದನ್ನೂ ಬರೆಸಿ.